ಸೂಳೆಕೆರೆಯ ದಂಡೆಯಲ್ಲಿ ಬಾದಾಮಿ

ನಾಯಿ ಸಾಕಿದ ಮುಸ್ಲಿಮರ ಮನೆಗೆ ನೆಂಟರು ಬಂದರೆ ಮೊದಲು ನಾಯಿ ಎಲ್ಲಿದೆ ಎಂದು ನೋಡುತ್ತಾರೆ, ಆಮೇಲೆ ತಮ್ಮ ಪಾಯಿಜಾಮದ ಅಂಚು ನೋಡಿಕೊಳ್ಳುತ್ತಾರೆ. ಹನ್ನೊಂದು ವರ್ಷಗಳಿಂದ ಇದನ್ನು ನೋಡಿ ನಮಗೆ ಅಭ್ಯಾಸವಾಗಿದೆ. ಬೇಸರವೂ ಇಲ್ಲ. ನಾಯಿಯ ಎಂಜಲು ತಾಗಿದ ಬಟ್ಟೆಯನ್ನು ತೊಳೆಯದೆ ನಮಾಜು ಮಾಡುವಂತಿಲ್ಲ ಎಂಬುದು ನಮ್ಮ ಮೊಹಲ್ಲಾದ ಚಿಕ್ಕ ಮಕ್ಕಳಿಗೂ ಗೊತ್ತು. ಬೇರೆ ಊರಿಂದ ಒಂದೇ ಜೊತೆ ಬಟ್ಟೆಯಲ್ಲಿ ಬಂದವರು, ಮಗ್ರಿಬ್ ಹೊತ್ತು ಹತ್ತಿರವಾಗುತ್ತಿರುವಾಗ ಅಂಚು ನೋಡಿಕೊಳ್ಳದೆ ಇನ್ನೇನು ಮಾಡಿಯಾರು?

ಇಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರು. ಕತೆ ಬರೆಯುವ ಚಟ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಆದರೆ ನಡೆಯುವುದು ಇಬ್ಬರೂ. ಹಾಗಾಗಿ ಈ ಬರಹದ ಮಟ್ಟಿಗೆ ‘ನಾನು’ ಎಂಬುದಕ್ಕೆ ಕೆಲಸವಿಲ್ಲ. ನಮ್ಮ ಜೊತೆ ನಡೆಯುವ ಮೂರನೆಯ ಜೀವದ ಹೆಸರು ಬಾದಾಮಿ. ಮೈಬಣ್ಣ ನೋಡಿ ಇಟ್ಟ ಹೆಸರು. ಚಾಲುಕ್ಯರಿಗೂ ಅದಕ್ಕೂ ಸಂಬಂಧವಿಲ್ಲ.

ಬಾದಾಮಿ ನಮಗೆ ಸಿಕ್ಕಿದ್ದು 2014ರ ಮಳೆಗಾಲದಲ್ಲಿ, ಸೂಳೆಕೆರೆಯ ಹತ್ತಿರ ನಮ್ಮ ಪಾಲಿಗೆ ಬಂದ ಎರಡೆಕರೆ ಅಡಿಕೆ ತೋಟದ ಬೇಲಿಯಲ್ಲಿ. ಒಂದು ಗೊಬ್ಬರದ ಚೀಲದಲ್ಲಿ ನಾಲ್ಕು ಮರಿಗಳಿದ್ದವು. ನಾಲ್ಕೂ ಹೆಣ್ಣು. ನಮ್ಮ ಕಡೆ ನಾಯಿ ಈದರೆ ಗಂಡುಮರಿಗಳನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ, ಹೆಣ್ಣುಮರಿಗಳಿಗೆ ಚೀಲವೇ ಗತಿ. ತೋಟ ನೋಡಿಕೊಳ್ಳುವವನು ಚೀಲ ಬಿಚ್ಚಿದಾಗ ಉಸಿರಾಡುತ್ತಿದ್ದದ್ದು ಒಂದೇ. ಸಣ್ಣ ನಡು, ಉದ್ದ ಕಾಲು ನೋಡಿ ಎಲ್ಲೋ ಒಂದಿಷ್ಟು ಮುಧೋಳದ ರಕ್ತ ಇದ್ದೀತು ಎಂದು ಪಶುವೈದ್ಯರು ಹೇಳಿದರು. ಮುಧೋಳದ ನಾಯಿಯ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಬಂದದ್ದು ನಮಗೆ ನೆನಪಿತ್ತು. ಹಾಗಾಗಿ ಅವತ್ತು ಸಂಜೆ ಅದನ್ನು ಮನೆಗೆ ತಂದಾಗ, ಸರ್ಕಾರ ಗೌರವಿಸಿದ ಜಾತಿ ಎಂದು ಅಮ್ಮಿಗೆ ಹೇಳಿ ನೋಡಿದೆವು. ಅಮ್ಮಿ ತಸ್ಬೀಹ್ ಎಣಿಸುವುದನ್ನು ನಿಲ್ಲಿಸದೆ, ಚೌಕಟ್ ಕೆ ಭಾರ್ ರಖೋ ಉಸ್ಕು, ಎಂದರು. ಹೊಸ್ತಿಲಾಚೆ ಇಡಿ. ಬೇರೇನೂ ಹೇಳಲಿಲ್ಲ. ಇಡಲೇಬೇಡಿ ಎಂದೂ ಹೇಳಲಿಲ್ಲ ಎಂಬುದನ್ನು ನಾವು ಗಮನಿಸಿದೆವು.

ಕೆರೆ ಸುತ್ತುವ ಅಭ್ಯಾಸ ಬಾದಾಮಿಯಿಂದಲೇ ಶುರುವಾದದ್ದು. ಬೇಟೆಗೆಂದು ಬೆಳೆದ ಕಾಲುಗಳಿಗೆ ನಮ್ಮ ಮನೆಯ ಅಂಗಳ ಎಲ್ಲಿ ಸಾಕು? ಒಂದು ವರ್ಷವಾಗುವಷ್ಟರಲ್ಲಿ ಅದು ಎರಡು ಚಪ್ಪಲಿ, ಒಂದು ಪ್ಲಾಸ್ಟಿಕ್ ಕೊಡ ಮತ್ತು ಪಕ್ಕದ ಮನೆಯವರ ತಾಳ್ಮೆಯನ್ನು ಮುಗಿಸಿತ್ತು. ಅದೇ ಹೊತ್ತಿಗೆ ನಮ್ಮಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಶುರುವಾಗಿ, ದಿನಾ ನಡೆಯಿರಿ ಎಂದು ಡಾಕ್ಟರು ಬರೆದುಕೊಟ್ಟರು. ಭಾನುವಾರ ಫಜರ್ ನಮಾಜು ಮುಗಿಸಿ ಮೊಪೆಡ್ ಹತ್ತಿದರೆ ಬಿಸಿಲೇರುವ ಮುಂಚೆ ಏರಿ ತಲುಪಬಹುದು. ಮೊಪೆಡ್‌ನಲ್ಲಿ ಸಾಮಾನು ಇಡುವ ಮುಂದಿನ ಜಾಗದಲ್ಲಿ ಬಾದಾಮಿ, ನಡುವೆ ಒಬ್ಬರು, ಹಿಂದೆ ಒಬ್ಬರು. ಚನ್ನಗಿರಿ ಪೇಟೆಯಲ್ಲಿ ಇದನ್ನು ನೋಡಿ ನಗದವರಿಲ್ಲ.

ಸೂಳೆಕೆರೆಯನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಅದನ್ನು ಕೆರೆ ಎಂದು ಕರೆಯುವುದೇ ಒಂದು ಬಗೆಯ ವಿನಯ. 27 ಚದರ ಕಿಲೋಮೀಟರಿನಷ್ಟು ನೀರು. ಮಂಜು ಇರುವ ಬೆಳಿಗ್ಗೆ ಆಚೆ ದಡ ಕಾಣುವುದಿಲ್ಲ. ಇಷ್ಟು ನೀರನ್ನು ತಡೆದಿರುವ ಏರಿ ಮಾತ್ರ ಅಚ್ಚರಿಯಾಗುವಷ್ಟು ಗಿಡ್ಡ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹಳ್ಳ ಹರಿಯುತ್ತಿದ್ದ ಜಾಗವನ್ನು ಗುರುತಿಸಿ, ಅಲ್ಲಿ ಮಾತ್ರ ಕಲ್ಲು ಮಣ್ಣು ತುಂಬಿದ್ದಾರೆ. ಉದ್ದ ಕಡಿಮೆ, ಅಗಲ ಎತ್ತರಗಳು ಮಾತ್ರ ಭಾರಿ. ಹನ್ನೊಂದು ಹನ್ನೆರಡನೇ ಶತಮಾನದ ಕೆಲಸ ಎನ್ನುತ್ತಾರೆ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಗುಡ್ಡದ ಮೇಲೆ ಸಿದ್ಧೇಶ್ವರನ ಗುಡಿ. ಮಳೆಯ ನೀರಿನ ಜೊತೆ ಭದ್ರಾ ನಾಲೆಯ ನೀರೂ ಇದಕ್ಕೆ ಸೇರುತ್ತದೆ. ಚಿತ್ರದುರ್ಗದವರು ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮ ಕಡೆಯವರು ಹೇಳಿಕೊಳ್ಳುತ್ತಾರೆ. ಏಷ್ಯಾವನ್ನು ಅಳೆದವರು ಯಾರು ಎಂದು ನಾವು ಕೇಳಲು ಹೋಗಿಲ್ಲ.

ಕೆರೆ ಕಟ್ಟಿಸಿದವಳ ಕತೆ ಎಲ್ಲರ ಬಾಯಲ್ಲೂ ಒಂದೇ ಥರ ಇಲ್ಲ. ಸ್ವರ್ಗಾವತಿ ಎಂಬ ಪಟ್ಟಣ, ವಿಕ್ರಮರಾಯ ಎಂಬ ದೊರೆ, ಶಾಂತವ್ವ ಎಂಬ ಮಗಳು. ಆಕೆ ಸಿದ್ಧೇಶ್ವರನಿಗೆ ಮನಸ್ಸು ಕೊಟ್ಟಳು, ಆ ಕಾರಣಕ್ಕೆ ಕೆರೆ ಕಟ್ಟಿಸಬೇಕಾಯಿತು. ಕೆರೆಗೆ ಬೇಕಾದ ಜಾಗ ಸೂಳೆಯರದ್ದಾಗಿತ್ತು, ತಮ್ಮ ಹೆಸರಿಡುವುದಾದರೆ ಮಾತ್ರ ಬಿಟ್ಟುಕೊಡುತ್ತೇವೆ ಎಂದು ಅವರು ಹೇಳಿದರು ಎಂಬುದು ಒಂದು ಕತೆ. ಕೆರೆಯ ನೀರಿಗೆ ಅಪ್ಪನ ಪಟ್ಟಣವೇ ಮುಳುಗುತ್ತಿತ್ತು, ಸಿಟ್ಟಿಗೆದ್ದ ಅಪ್ಪ ಮಗಳನ್ನೇ ಸೂಳೆ ಎಂದು ಬೈದ, ಆ ಬೈಗುಳವೇ ಹೆಸರಾಗಿ ಉಳಿಯಿತು ಎಂಬುದು ಇನ್ನೊಂದು. ಈಗಿನ ಸರ್ಕಾರಿ ಕಾಗದಗಳಲ್ಲಿ ಶಾಂತಿಸಾಗರ ಎಂದಿರುತ್ತದೆ. ಶಾಲೆಯಿಂದ ಪ್ರವಾಸಕ್ಕೆ ಬಂದ ಮೇಷ್ಟ್ರುಗಳು ಮಕ್ಕಳ ಮುಂದೆ ಶಾಂತಿಸಾಗರ ಎನ್ನುತ್ತಾರೆ, ಮಕ್ಕಳು ತಮ್ಮ ತಮ್ಮಲ್ಲೇ ಸೂಳೆಕೆರೆ ಎಂದು ಹೇಳಿ ಕಿಸಕ್ಕೆನ್ನುತ್ತಾರೆ. ನಮಗೆ ಹಳೆಯ ಹೆಸರೇ ಇಷ್ಟ. ಮಗಳನ್ನು ಬೈದ ಅಪ್ಪನ ಪಟ್ಟಣ ನೀರಿನ ಅಡಿ ಹೋಯಿತು. ಆಕೆ ಕಟ್ಟಿಸಿದ್ದನ್ನು ಜನ ಇಂದಿಗೂ ಕುಡಿಯುತ್ತಿದ್ದಾರೆ. ಹೆಸರು ಬದಲಾಯಿಸಿದರೆ ಇದು ಮರೆತುಹೋಗುತ್ತದೆ.

ನಾವು ಕೆರೆಯನ್ನು ಪೂರ್ತಿ ಸುತ್ತಿದವರಲ್ಲ. ಅದು ಒಂದು ದಿನದ ಮಾತೂ ಅಲ್ಲ. ಏರಿಯ ಮೇಲಿಂದ ಹೊರಟು, ಗುಡಿಯ ಮೆಟ್ಟಿಲು ದಾಟಿ, ಗುಡ್ಡದ ಬುಡ ಹಿಡಿದು ನೀರಂಚಿನ ಕಾಲುಹಾದಿಯಲ್ಲಿ ಹೋದಷ್ಟು ಹೋಗುತ್ತೇವೆ. ಎಮ್ಮೆಗಳು ತುಳಿದು ಮಾಡಿದ ದಾರಿ ಅದು. ಒಂದು ಕಡೆ ಲಂಟಾನ, ಜಾಲಿ, ಅಲ್ಲಲ್ಲಿ ಬಂಡೆ. ಇನ್ನೊಂದು ಕಡೆ ಜೊಂಡು, ಕೆಸರು, ನೀರು. ಮಳೆಗಾಲ ಮುಗಿದ ಮೇಲೆ ಕೆಲವು ಕಡೆ ದಾರಿಯೇ ಮುಳುಗಿರುತ್ತದೆ, ಆಗ ಗುಡ್ಡ ಹತ್ತಿ ಇಳಿಯಬೇಕು. ಬೆಳಿಗ್ಗೆ ಹರಿಗೋಲಿನವರು ಬಲೆ ಎಳೆದು ತರುವ ಹೊತ್ತು. ಜಿಲೇಬಿ ಮೀನೇ ಹೆಚ್ಚು, ಅದೃಷ್ಟವಿದ್ದರೆ ಕಾಟ್ಲಾ. ಚಳಿಗಾಲದಲ್ಲಿ ಹೊರನಾಡಿನ ಬಾತುಕೋಳಿಗಳು ದೂರದಲ್ಲಿ ಕಪ್ಪು ಚುಕ್ಕೆಗಳ ಹಾಗೆ ಕೂತಿರುತ್ತವೆ.

ಮನುಷ್ಯರು ಇಬ್ಬರೇ ನಡೆದರೆ ಕಣ್ಣಿನಿಂದ ನಡೆಯುತ್ತಾರೆ, ಮಾತಿನಿಂದ ನಡೆಯುತ್ತಾರೆ. ನಾಯಿ ಜೊತೆಗಿದ್ದರೆ ಮೂಗೂ ಸೇರಿಕೊಳ್ಳುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷವಾದರೆ ನಾಯಿಯ ಮೂಗಿನಲ್ಲಿ 20-30 ಕೋಟಿ ಎಂದು ಲೆಕ್ಕ ಹೇಳುತ್ತಾರೆ. ಬಾದಾಮಿ ಒಂದು ಕಲ್ಲಿನ ಮುಂದೆ ನಿಂತು ಮೂಸತೊಡಗಿದರೆ, ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವ ನಿವೃತ್ತ ಗುಮಾಸ್ತರ ನೆನಪಾಗುತ್ತದೆ. ಎಳೆದರೆ ಬರುವುದಿಲ್ಲ. ನಿನ್ನೆ ರಾತ್ರಿ ಮುಂಗುಸಿ ಹೋಗಿದೆ, ಯಾರದೋ ಎಮ್ಮೆ ಕರು ಹಾಕಿದೆ, ಕುರಿ ಹಟ್ಟಿಯ ಗಂಡುನಾಯಿ ಮೂರು ದಿನದ ಹಿಂದೆ ಇಲ್ಲಿ ಸಹಿ ಮಾಡಿ ಹೋಗಿದೆ. ಆ ಸುದ್ದಿಗಳು ಮುಗಿಯುವವರೆಗೆ ನಾವು ನಿಂತಿರಬೇಕು. ಹಾಗೆ ನಿಂತೇ ನಾವು ಕೆರೆಯನ್ನು ನೋಡಿದ್ದು. ನಮ್ಮ ಪಾಡಿಗೆ ನಾವು ನಡೆದಿದ್ದರೆ ಸಕ್ಕರೆ ಇಳಿಯುತ್ತಿತ್ತು, ಅಷ್ಟೇ.

ಒಂದೆರಡು ಎಚ್ಚರಿಕೆಗಳನ್ನು ಅದರ ಜೊತೆ ಇದ್ದೇ ಕಲಿತೆವು. ನಾಯಿಗೆ ನಮ್ಮಂತೆ ಮೈ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಣ್ಣಗಾಗಬೇಕು. ಆದ್ದರಿಂದ ಬೇಸಿಗೆಯಲ್ಲಿ ಎಂಟು ಗಂಟೆಗೆ ವಾಪಸು. ನೀರು ತಗ್ಗಿ ದಂಡೆಯಲ್ಲಿ ಹಸಿರು ಬಣ್ಣ ಕಲಕಿದಂಥ ಕೆನೆ ಕಟ್ಟಿದ್ದರೆ ಆ ನೀರನ್ನು ನಾಯಿ ಕುಡಿಯಬಾರದು. ಆ ಪಾಚಿಯಲ್ಲಿ ಕೆಲವು ಬಗೆಯವು ವಿಷ ಬಿಡುತ್ತವೆ, ನಾಯಿಯನ್ನು ಗಂಟೆಗಳಲ್ಲಿ ಕೊಲ್ಲಬಹುದು. ಹಾಗಾಗಿ ಇಷ್ಟು ದೊಡ್ಡ ಕೆರೆಯ ದಡದಲ್ಲಿ ನಾವು ಬಾಟಲಿಯಲ್ಲಿ ನೀರು ಹೊತ್ತು ನಡೆಯುತ್ತೇವೆ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಕಲ್ಲಿನಂಥದ್ದೇ ಮೊಟ್ಟೆ ಇಡುತ್ತದೆ. ಮಾರ್ಚ್ ತಿಂಗಳಿಂದ ಮಳೆಗಾಲದವರೆಗೆ ಹಗ್ಗ ಬಿಚ್ಚುವಂತಿಲ್ಲ. ಕುರಿ ಮಂದೆ ಎದುರಾದರೆ ನಾವೇ ದಾರಿ ಬಿಟ್ಟು ಮೇಲೆ ಹತ್ತಿ ನಿಲ್ಲುತ್ತೇವೆ. ಮಂದೆಯ ನಾಯಿಗಳಿಗೆ ಕೆಲಸವಿದೆ, ನಮ್ಮದಕ್ಕೆ ಭಾನುವಾರ. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುವ ಕೆಲಸ.

ಗುಡಿಯ ಮೆಟ್ಟಿಲ ಹತ್ತಿರ ಚಹಾ ಕುಡಿಯಲು ಕೂತಾಗ ಎಷ್ಟೋ ಸಲ ಒಂದೇ ಪ್ರಶ್ನೆ ಕೇಳಿಸಿಕೊಂಡಿದ್ದೇವೆ. “ಸಾಬರೇ, ನಿಮ್ಮಲ್ಲಿ ನಾಯಿ ಮುಟ್ಟಬಾರದಂತಲ್ಲ?” ಕೇಳುವವರ ದನಿಯಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಮ್ಮ ಮೊಹಲ್ಲಾದಲ್ಲೂ ಅದೇ ಪ್ರಶ್ನೆ, ‘ನಿಮ್ಮಲ್ಲಿ’ ಎಂಬ ಕಡೆ ‘ನಮ್ಮಲ್ಲಿ’ ಎಂದಿರುತ್ತದೆ. ಹಾಗೆ ಕೇಳಿದವರಲ್ಲಿ ತಮ್ಮ ಅಡುಗೆಮನೆಗೆ ನಾಯಿ ಬಿಟ್ಟುಕೊಳ್ಳುವವರನ್ನು ನಾವು ಕಂಡಿಲ್ಲ. ಮಡಿ ಮೈಲಿಗೆ ಎಂದರೆ ಅವರಿಗೆ ಅರ್ಥವಾಗುತ್ತದೆ, ಪಾಕ್ ನಾಪಾಕ್ ಎಂದರೆ ನಮಗೆ. ನಾಯಿ ಎರಡರ ಆಚೆಯೂ ಬಾಲ ಅಲ್ಲಾಡಿಸುತ್ತಾ ನಿಂತಿರುತ್ತದೆ.

ನಿಜ ಹೇಳಬೇಕೆಂದರೆ ‘ನಮ್ಮಲ್ಲಿ’ ಎಂಬುದೂ ಒಂದೇ ಮಾತಲ್ಲ. ನಮ್ಮ ಬಯಲುಸೀಮೆಯ ಹನಫಿಗಳಲ್ಲಿ ನಾಯಿಯ ಜೊಲ್ಲು ನಾಪಾಕ್, ಒಣ ಮೈ ಮುಟ್ಟಿದರೆ ದೋಷವಿಲ್ಲ. ಕರಾವಳಿಯ ಬ್ಯಾರಿ ಗೆಳೆಯರು ಶಾಫಿಗಳು. ಅವರಲ್ಲಿ ಕಟ್ಟು ಬಿಗಿ, ಒದ್ದೆ ಮೈ ತಗುಲಿದರೂ ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಇಮಾಮ್ ಮಾಲಿಕರ ಹಾದಿಯವರಿಗೆ ನಾಯಿ ಶುದ್ಧವೇ. ಬೇಟೆನಾಯಿ ಬಾಯಲ್ಲಿ ಕಚ್ಚಿ ತಂದದ್ದನ್ನು ತಿನ್ನಲು ಕುರ್‌ಆನ್ ಒಪ್ಪಿರುವಾಗ ಜೊಲ್ಲು ಹೇಗೆ ಅಶುದ್ಧವಾದೀತು ಎಂಬುದು ಅವರ ವಾದ. ಪ್ರವಾದಿಯವರ ಕಾಲದಲ್ಲಿ ನಾಯಿಗಳು ಮಸೀದಿಯೊಳಗೆ ಬಂದುಹೋಗುತ್ತಿದ್ದವು, ಅದಕ್ಕೆಂದು ಯಾರೂ ನೀರು ಚಿಮುಕಿಸುತ್ತಿರಲಿಲ್ಲ ಎಂಬ ವರದಿ ಬುಖಾರಿಯಲ್ಲೇ ಇದೆ. ನಾಯಿ ಇರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂಬುದೂ ಅಲ್ಲೇ ಇದೆ. ಬೇಟೆಗೆ, ಮಂದೆಗೆ, ಹೊಲದ ಕಾವಲಿಗೆ ನಾಯಿ ಇಟ್ಟುಕೊಳ್ಳಬಹುದು ಎಂಬ ವಿನಾಯಿತಿಯೂ ಇದೆ. ನಮ್ಮದು ಲೆಕ್ಕಕ್ಕೆ ತೋಟದ ನಾಯಿ. ತೋಟದಲ್ಲಿ ಅದು ಒಂದು ರಾತ್ರಿಯೂ ಕಳೆದಿಲ್ಲ ಎಂಬುದು ಬೇರೆ ಮಾತು. ನಾಯಿಯ ಜೊಲ್ಲಿನಲ್ಲಿ ಇಂಥ ರೋಗಾಣು ಇದೆ, ನೋಡಿ ವಿಜ್ಞಾನವೂ ಒಪ್ಪಿತು ಎಂದು ವಾದಿಸುವವರ ಗುಂಪಿಗೆ ನಾವು ಸೇರಿಲ್ಲ. ತೊಳೆಯಬೇಕೆಂದಿದ್ದರೆ ತೊಳೆದರಾಯಿತು. ಅದಕ್ಕೆ ಸೂಕ್ಷ್ಮದರ್ಶಕದ ಸಾಕ್ಷಿ ಯಾಕೆ?

ಅಮ್ಮಿಗೆ ಈ ಚರ್ಚೆಗಳಲ್ಲಿ ಆಸಕ್ತಿ ಇರಲಿಲ್ಲ. ಅವರ ಹತ್ತಿರ ಎರಡು ಕತೆಗಳಿದ್ದವು. ಒಂದು, ಅಸ್‌ಹಾಬೆ ಕಹಫ್. ಜುಲುಮಿನ ರಾಜನಿಂದ ತಪ್ಪಿಸಿಕೊಂಡು ಗುಹೆ ಸೇರಿ ನೂರಾರು ವರ್ಷ ಮಲಗಿದ ಯುವಕರು, ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ಅವರ ನಾಯಿ. ಪ್ರತಿ ಶುಕ್ರವಾರ ಕಹಫ್ ಸೂರಾ ಓದುತ್ತಿದ್ದ ಅಮ್ಮಿ ಆ ಜಾಗ ಬಂದಾಗ ಕನ್ನಡಕದ ಮೇಲಿಂದ ಒಮ್ಮೆ ಅಂಗಳದ ಕಡೆ ನೋಡುತ್ತಿದ್ದರು. “ಗುಹೆಯ ಒಳಗೆ ಅಲ್ಲ, ಬಾಗಿಲಲ್ಲಿ,” ಎಂದು ನಮಗೆ ಕೇಳಿಸುವಂತೆ ಹೇಳುತ್ತಿದ್ದರು.

ಇನ್ನೊಂದು ಕತೆಯನ್ನು ಅವರು ಹೇಳಿದ್ದು, ನಾವು ಒಂದು ಭಾನುವಾರ ಕೆರೆಯಿಂದ ಬಂದು ಶಾಂತವ್ವನ ಸಂಗತಿ ಹೇಳಿದ ಮೇಲೆ. ಬುಖಾರಿ, ಮುಸ್ಲಿಂ ಎರಡು ಸಂಗ್ರಹಗಳಲ್ಲೂ ಇರುವ ಕತೆ ಅದು. ಬನೀ ಇಸ್ರಾಯಿಲ್‌ನ ಒಬ್ಬ ವೇಶ್ಯೆ ಸುಡುಬಿಸಿಲಲ್ಲಿ ಹೋಗುತ್ತಿದ್ದಾಗ ಬಾವಿಯ ಸುತ್ತ ತಿರುಗುತ್ತಿದ್ದ ನಾಯಿಯೊಂದನ್ನು ಕಂಡಳು. ಬಾಯಾರಿ ಅದರ ನಾಲಿಗೆ ಹೊರಬಿದ್ದಿತ್ತು. ಆಕೆ ತನ್ನ ಕಾಲಿನ ಜೋಡು ಬಿಚ್ಚಿ ಅದರಲ್ಲಿ ನೀರು ಸೇದಿ ಕುಡಿಸಿದಳು. ಅಷ್ಟಕ್ಕೇ ಆಕೆಗೆ ಕ್ಷಮೆ ಸಿಕ್ಕಿತು. ಅಮ್ಮಿ ಉರ್ದು ಓದಿದವರು, ಕನ್ನಡ ಕೇಳಿ ಕಲಿತವರು. ಆ ಹೆಂಗಸನ್ನು ಹೇಳಲು ಅವರು ಬಳಸಿದ್ದು ‘ಬದನಸೀಬ್’ ಎಂಬ ಪದ, ನತದೃಷ್ಟೆ. ಆಮೇಲೆ, ನಿಮ್ಮ ಕೆರೆಯವಳು ಎಷ್ಟು ಜೋಡು ನೀರು ಕೊಟ್ಟಿರಬಹುದು ಎಂದು ಕೇಳಿದರು. ಮಾರನೆಯ ದಿನ ಸಂತೆಯಿಂದ ಒಂದು ಮಣ್ಣಿನ ಬೋಗುಣಿ ಬಂತು. ಅಂಗಳದ ನಲ್ಲಿಯ ಹತ್ತಿರ ಇಟ್ಟು ದಿನಾ ಬೆಳಿಗ್ಗೆ ಅಮ್ಮಿಯೇ ತುಂಬಿಸುತ್ತಿದ್ದರು, ಒಂದು ಗೇಣು ಎತ್ತರದಿಂದ, ಹನಿ ಸಿಡಿಯದ ಹಾಗೆ. ಅಲ್ಲಿಯವರೆಗೆ ‘ಏ ಕುತ್ತಿ’ ಎನ್ನುತ್ತಿದ್ದವರು ನಿಧಾನವಾಗಿ ‘ಬಾದಾಮ್’ ಎನ್ನತೊಡಗಿದರು. ಕುತ್ತಿ ಎಂಬುದು ಹೆಣ್ಣುನಾಯಿಗೆ ಇರುವ ಸರಿಯಾದ ಪದವೇ. ಆದರೆ ಆ ಪದ ಬೀದಿಯಲ್ಲಿ ನಾಯಿಗಳಿಗಿಂತ ಹೆಂಗಸರ ಮೇಲೆಯೇ ಹೆಚ್ಚು ಬೀಳುತ್ತದೆ, ಕೆರೆಯ ಹೆಸರಿನ ಹಾಗೆ.

ನಾವಿಬ್ಬರೂ ನಾಲ್ಕನೆಯ ತರಗತಿವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಎರಡು ಶಾಲೆಗಳಿಂದ ನಮಗೆ ಎರಡು ಬಗೆಯ ನಾಯಿಗಳು ಸಿಕ್ಕವು. ಉರ್ದುವಿನಲ್ಲಿ ಪತ್ರಸ್ ಬುಖಾರಿಯವರ ‘ಕುತ್ತೆ’ ಎಂಬ ಪ್ರಬಂಧವಿದೆ, ರಾತ್ರಿಯಿಡೀ ಮುಶಾಯಿರಾ ನಡೆಸುವ ನಾಯಿಗಳು. ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಮಂಟೋ ಬರೆದ ‘ಟೆಟ್ವಾಲ್ ಕಾ ಕುತ್ತಾ’ ಓದಿದರೆ ನಗು ನಿಂತುಹೋಗುತ್ತದೆ. ಕಾಶ್ಮೀರದ ಗಡಿಯಲ್ಲಿ ಎರಡು ಸೇನೆಗಳ ನಡುವೆ ಓಡಾಡುವ ಒಂದು ಬೀದಿನಾಯಿಗೆ ಎರಡೂ ಕಡೆಯವರು ಹೆಸರಿಟ್ಟು, ಕಡೆಗೆ ಎರಡೂ ಕಡೆಯ ಗುಂಡಿನಾಟದಲ್ಲಿ ಅದು ಸಾಯುತ್ತದೆ. ಕನ್ನಡ ಶಾಲೆಯಲ್ಲಿ ಸಿಕ್ಕ ನಾಯಿಗಳ ಹಣೆಬರಹ ಇದಕ್ಕಿಂತ ಚೆನ್ನಾಗಿತ್ತು. ಧರ್ಮರಾಯನ ಹಿಂದೆ ಹೋದದ್ದು ಸ್ವರ್ಗದ ಬಾಗಿಲವರೆಗೆ ಹೋಯಿತು. ತೇಜಸ್ವಿಯವರ ‘ಕಿವಿ’ಯಂತೂ ‘ಕರ್ವಾಲೊ’ದ ಕಾಡಿನಲ್ಲಿ ಯಜಮಾನನಿಗಿಂತ ಮುಂದೆ ಓಡುತ್ತಿತ್ತು. ನಮ್ಮ ಪೇಟೆಗೆ ವರ್ಷಕ್ಕೊಮ್ಮೆ ಬರುವ ಮೈಲಾರದ ಗೊರವಯ್ಯಗಳು ದೇವರ ಹೆಸರಲ್ಲಿ ತಾವೇ ನಾಯಿಯಂತೆ ಬೊಗಳುತ್ತಾರೆ. ಬಾದಾಮಿ ಅವರಿಗೆ ಉತ್ತರ ಕೊಡದೆ ಬಿಟ್ಟದ್ದಿಲ್ಲ. ನಮ್ಮಲ್ಲಿ ಕತೆ ಬರೆಯುವವರು ಇಷ್ಟು ವರ್ಷವಾದರೂ ಬಾದಾಮಿಯ ಮೇಲೆ ಕತೆ ಬರೆದಿಲ್ಲ. ಉರ್ದು ನಾಯಿಯಾಗಿ ಬರೆದರೆ ಕೊಲ್ಲಬೇಕಾಗುತ್ತದೆ, ಕನ್ನಡದ ನಾಯಿಯಾಗಿ ಬರೆದರೆ ಸ್ವರ್ಗಕ್ಕೆ ಕಳಿಸಬೇಕಾಗುತ್ತದೆ ಎಂಬುದು ಅವರು ಕೊಡುವ ಕಾರಣ.

2018ರಲ್ಲಿ ನಮ್ಮ ಬೀದಿಯ ಏಳು ವರ್ಷದ ಹುಡುಗನಿಗೆ ನಾಯಿ ಕಚ್ಚಿತು. ಬೀದಿನಾಯಿ, ಬಾದಾಮಿಯಲ್ಲ. ಅದು ಆ ಹೊತ್ತಿಗೆ ಅಂಗಳದಲ್ಲಿ ಕಟ್ಟಿಕೊಂಡೇ ಇತ್ತು. ನಾವು ಹೋಗುವಷ್ಟರಲ್ಲಿ ಗಾಯಕ್ಕೆ ಯಾರೋ ಸುಣ್ಣ, ಖಾರದ ಪುಡಿ ಮೆತ್ತುತ್ತಿದ್ದರು. ಅದನ್ನು ತಡೆದು ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಾಕಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆವು. ಅಮ್ಮಿ ಪಕ್ಕದಲ್ಲಿ ಕೂತು ಹುಡುಗನ ತಲೆ ಹಿಡಿದುಕೊಂಡಿದ್ದರು. ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತಾದ್ದರಿಂದ ಮತ್ತೆ ಬರೆಯುತ್ತಿದ್ದೇವೆ: ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದಕ್ಕೆ ಮುಂಚೆ ತೊಳೆದು, ಲಸಿಕೆ ಪೂರ್ತಿ ಹಾಕಿಸಿದರೆ ತಡೆಯಬಹುದು. ಕಚ್ಚಿದ ದಿನ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಎಂದು ಆಸ್ಪತ್ರೆಯಲ್ಲಿ ಚೀಟಿ ಕೊಟ್ಟರು. ಗಾಯ ಆಳವಾಗಿದ್ದರಿಂದ ಗಾಯದ ಸುತ್ತಲೂ ಬೇರೊಂದು ಇಂಜೆಕ್ಷನ್ ಚುಚ್ಚಿದರು. ಹುಡುಗ ಈಗ ಹೈಸ್ಕೂಲು ಓದುತ್ತಿದ್ದಾನೆ.

ಅದಾಗಿ ಒಂದು ವಾರಕ್ಕೆ ಮೊಹಲ್ಲಾದ ನಾಲ್ಕು ಜನ ಹಿರಿಯರು ಮನೆಗೆ ಬಂದರು. ಜಗಳಕ್ಕೆ ಬಂದವರಲ್ಲ, ಚಹಾ ಕುಡಿದರು, ಅಮ್ಮಿಯ ಮಂಡಿನೋವು ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಮಕ್ಕಳು ಹೆದರಿದ್ದಾರೆ, ನಾಯಿಯ ಸುದ್ದಿ ಎಂದರೆ ಜನ ಈ ಮನೆಯ ಕಡೆ ಬೆರಳು ಮಾಡುತ್ತಿದ್ದಾರೆ, ಓದಿದವರ ಮನೆಯೇ ಹೀಗಾದರೆ ಹೇಗೆ, ತೋಟದಲ್ಲಿ ಬಿಟ್ಟುಬಿಡಬಹುದಲ್ಲ. ನಮ್ಮ ಹತ್ತಿರ ಲಸಿಕೆ ಹಾಕಿಸಿದ ಪುಸ್ತಕವಿತ್ತು, ಸಂತಾನಹರಣ ಚಿಕಿತ್ಸೆಯ ಚೀಟಿ ಇತ್ತು, ಇಮಾಮ್ ಮಾಲಿಕರೂ ಇದ್ದರು. ಒಂದನ್ನೂ ತೆಗೆಯಬೇಕಾಗಲಿಲ್ಲ. ಪರದೆಯ ಹಿಂದಿನಿಂದ ಅಮ್ಮಿ ಮಾತಾಡಿದರು. ಚೌಕಟ್ ಕೆ ಅಂದರ್ ನೈ ಆಯೀ ಉನೇ. ಭಾರ್ ಕೀ ಜಗಾ ಅಲ್ಲಾ ಕೀ. ಹೊಸ್ತಿಲೊಳಗೆ ಅದು ಬಂದಿಲ್ಲ, ಹೊರಗಿನ ಜಾಗ ಅಲ್ಲಾಹನದ್ದು. ಅವರಲ್ಲಿ ಹಿರಿಯರಾದವರು ಸ್ವಲ್ಪ ಹೊತ್ತು ಲೋಟ ನೋಡುತ್ತಾ ಕೂತು, ಮಕ್ಕಳು ಮದ್ರಸಾಕ್ಕೆ ಹೋಗಿಬರುವ ಹೊತ್ತಿನಲ್ಲಿ ಕಟ್ಟಿಹಾಕಿರಿ ಎಂದರು. ಅದು ನ್ಯಾಯವಾದ ಮಾತು. ಇಂದಿಗೂ ನಡೆಸಿಕೊಂಡು ಬಂದಿದ್ದೇವೆ.

ಅಮ್ಮಿ 2021ರಲ್ಲಿ ತೀರಿಕೊಂಡರು. ಎರಡನೆಯ ಅಲೆಯ ದಿನಗಳು. ಜನಾಜಾಕ್ಕೆ ಬರಬೇಕಾದವರೆಲ್ಲ ಬರಲಾಗಲಿಲ್ಲ. ಆಮೇಲೆ ಮನೆಯಲ್ಲಿ ಬಾದಾಮಿಗೆ ಬೇಡ ಎನ್ನುವವರು ಯಾರೂ ಇರಲಿಲ್ಲ. ನಾವೂ ಒಮ್ಮೆ ಮಳೆಯ ರಾತ್ರಿ ಒಳಗೆ ಕರೆದೆವು. ಅದು ಹೊಸ್ತಿಲ ತನಕ ಬಂದು ಮುಂಗಾಲು ಚಾಚಿ ಅಲ್ಲೇ ಮಲಗಿತು. ಮತ್ತೆ ಕರೆಯಲಿಲ್ಲ. ಬೋಗುಣಿಗೆ ಈಗ ನಾವೇ ನೀರು ಹಾಕುತ್ತೇವೆ. ಎತ್ತರದಿಂದ ಸುರಿಯುವುದು ನಮಗೂ ರೂಢಿಯಾಗಿದೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ಮರುವರ್ಷದ ಬೇಸಿಗೆಯಲ್ಲಿ ಕೆರೆಯ ನೀರು ನಮ್ಮ ಕಾಲುಹಾದಿಯಿಂದ ಬಹಳ ಹಿಂದೆ ಸರಿದಿತ್ತು. ಬಿರುಕುಬಿಟ್ಟ ಕೆಸರಿನ ಮೇಲೆ ಬಾದಾಮಿ ಅಷ್ಟು ದೂರ ಹೋಗಿ, ನೀರಿನ ವಾಸನೆ ಹಿಡಿದು, ನಮ್ಮನ್ನು ತಿರುಗಿ ನೋಡಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಸುತ್ತಲಿನ ತೋಟಗಳಿಗೆ ಟ್ಯಾಂಕರ್ ನೀರು. ನಮ್ಮ ಎರಡೆಕರೆಯಲ್ಲೂ ಕೆಲವು ಮರಗಳ ಸುಳಿ ಒಣಗಿತು. ಚೀಲ ಸಿಕ್ಕ ಬೇಲಿಯ ಹತ್ತಿರ ಹರಿಯುತ್ತಿದ್ದ ಸಣ್ಣ ಬಸಿಗಾಲುವೆ ಪೂರ್ತಿ ನಿಂತುಹೋಗಿತ್ತು. ಸ್ವರ್ಗಾವತಿಯ ಕಲ್ಲುಗಳು ಕಾಣಬಹುದೇನೋ ಎಂದು ಪೇಟೆಯಿಂದ ಕೆಲವರು ಬೈಕಿನಲ್ಲಿ ಬಂದು ನೋಡಿಹೋದರು. ಬಿಯರ್ ಬಾಟಲಿಗಳು ಕಂಡವು. ಆ ವರ್ಷದ ಮಳೆಗಾಲ ಚೆನ್ನಾಗಿ ಬಂದದ್ದರಿಂದ ಎಲ್ಲರೂ ಅದನ್ನು ಮರೆತರು.

ನಮ್ಮಲ್ಲೊಬ್ಬರು ಶಾಲೆಯಲ್ಲಿ ಪಾಠ ಹೇಳುವವರು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು ಬೇರೆಡೆ ಇಡಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಹೇಳಿತು. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಬರುವ ಮೂರು ನಾಯಿಗಳಿಗೆ ಮಕ್ಕಳು ಹೆಸರಿಟ್ಟಿದ್ದಾರೆ. ಅವನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ಮಕ್ಕಳು ಕೇಳುತ್ತಾರೆ. ಕಚ್ಚಿಸಿಕೊಂಡ ಹುಡುಗನ ಕಾಲನ್ನು ಹಿಡಿದು ತೊಳೆದ ಕೈಗಳು ಇವು. ಮಕ್ಕಳಿರುವ ಜಾಗದಲ್ಲಿ ನಾಯಿ ಗುಂಪು ಬೇಡ ಎಂಬ ಮಾತನ್ನು ನಾವು ತಳ್ಳಿಹಾಕಲಾರೆವು. ಆದರೆ ಲಸಿಕೆ ಹಾಕಿ, ಸಂತಾನಹರಣ ಮಾಡಿಸುವ ಕೆಲಸವನ್ನು ವರ್ಷಗಟ್ಟಲೆ ಬಿಟ್ಟು, ಕಡೆಗೆ ಚೀಲ ತರುವುದು ನಮ್ಮ ಹಳೆಯ ಪದ್ಧತಿ. ತೋಟದ ಬೇಲಿಯಲ್ಲಿ ನಾವು ಅದನ್ನು ಬಿಚ್ಚಿ ನೋಡಿದ್ದೇವೆ.

ಬಾದಾಮಿಗೆ ಹನ್ನೊಂದು ದಾಟಿದೆ. ಮೂತಿಯ ಸುತ್ತ ಬಿಳಿ ಬಂದಿದೆ, ಹಿಂಗಾಲು ಎಳೆಯುತ್ತದೆ, ಮೊಪೆಡ್ ಹತ್ತಿಸಲು ಎತ್ತಿಕೊಳ್ಳಬೇಕು. ಗುಡಿಯ ಮೆಟ್ಟಿಲ ಆಚೆಗೆ ಅದು ಬರಲಾರದು. ಹಾಗಾಗಿ ಈಗ ಏರಿಯ ಮೇಲೆ ‘ನಾವು’ ಎಂಬುದು ಎರಡಾಗುತ್ತದೆ. ಒಂದು ವಾರ ಒಬ್ಬರು ತೂಬಿನ ಹತ್ತಿರ ಅದರ ಜೊತೆ ಕೂರುತ್ತಾರೆ, ಇನ್ನೊಬ್ಬರು ಕಾಲುಹಾದಿ ಹಿಡಿಯುತ್ತಾರೆ, ಮರುವಾರ ಅದಲುಬದಲು. ಹರಿಗೋಲಿನವರು ಬಲೆಯಿಂದ ಬೇಡದ ಸಣ್ಣ ಮೀನು ತೆಗೆದು ಬಾದಾಮಿಯ ಮುಂದೆ ಎಸೆಯುತ್ತಾರೆ. ಮೊದಲಾದರೆ ಗಾಳಿಯಲ್ಲೇ ಹಿಡಿಯುತ್ತಿತ್ತು, ಈಗ ಬಿದ್ದ ಮೇಲೆ ಹುಡುಕಿ ತಿನ್ನುತ್ತದೆ. ಹೋದವರು ಒಂದು ಗಂಟೆ ಬಿಟ್ಟು ವಾಪಸು ಬರುತ್ತಾರೆ. ನೀರು ಎಲ್ಲಿಯವರೆಗಿದೆ, ಬಾತುಗಳು ಬಂದವೋ ಇಲ್ಲವೋ ಎಂದು ಕೂತವರು ಕೇಳುವುದರೊಳಗೆ ಬಾದಾಮಿ ಎದ್ದು ಬಂದು ಬಂದವರ ಬೂಟಿನ ಮೇಲೆ ಮೂಗಿಡುತ್ತದೆ. ತುದಿಯಿಂದ ಹಿಮ್ಮಡಿಯವರೆಗೆ, ಮೊದಲು ಬಲಗಾಲು, ಆಮೇಲೆ ಎಡಗಾಲು. ಅದು ಮುಗಿಯುವವರೆಗೆ ಕಾಲು ಅಲ್ಲಾಡಿಸದೆ ನಿಲ್ಲುತ್ತೇವೆ.